ಓಡುವ ಮನೆಯ ಅಡುಗೆಕಟ್ಟೆಗೆ ಯಾವ ಹಲಗೆ?

ಪ್ರಶ್ನೆ: ವ್ಯಾನಿನೊಳಗೆ ನಾವೇ ಕಟ್ಟಿಕೊಳ್ಳುವ ಅಡುಗೆಕಟ್ಟೆಗೆ ಚಾಮರಾಜನಗರದ ಕಪ್ಪು ಗ್ರಾನೈಟ್ ಹಾಕಬಹುದೇ?

ಉತ್ತರ: ಚಾಮರಾಜನಗರದ ಕಪ್ಪು ಗ್ರಾನೈಟ್ ಮನೆಗೆ ಶ್ರೇಷ್ಠವಾದರೂ ವಾಹನಕ್ಕೆ ಹೊಂದುವುದಿಲ್ಲ, ಏಕೆಂದರೆ ಅದರ ಸಾಂದ್ರತೆ, ಅಂದರೆ ನಿರ್ದಿಷ್ಟ ಗಾತ್ರದಲ್ಲಿರುವ ತೂಕ, ನೀರಿನ ಸುಮಾರು 3 ಪಟ್ಟಿದ್ದು, 20 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಚಪ್ಪಡಿ ಸುಮಾರು 60 ಕಿಲೋ ತೂಗುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿಯ ಘಟ್ಟ ಹತ್ತುವಾಗ ಈ ಭಾರ ಎಂಜಿನ್ನಿಗೂ ಇಳಿಯುವಾಗ ಬ್ರೇಕಿಗೂ ಹೊರೆಯಾಗುವುದಲ್ಲದೆ, ಕುಲುಕಾಟಕ್ಕೆ ಕಲ್ಲು ಬಿರುಕು ಬಿಡಲೂಬಹುದು. ಬದಲಿಗೆ, ಮರದ ತೆಳುಪದರಗಳನ್ನು ನೀರು ತಾಳುವ ಅಂಟಿನಿಂದ ಬೆಸೆದ 12 ಮಿ.ಮೀ. ಮೆರೈನ್ ಪ್ಲೈವುಡ್ಡಿಗೆ ಲ್ಯಾಮಿನೇಟ್, ಅಂದರೆ ರಾಳದಲ್ಲಿ ಅದ್ದಿ ಒತ್ತಿದ ಕಾಗದದ ಗಟ್ಟಿ ಹಾಳೆ, ಹೊದಿಸಿದರೆ ಅಷ್ಟೇ ವಿಸ್ತೀರ್ಣದ ತೂಕ 10 ಕಿಲೋ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಲೆಯ ಸುತ್ತ ಸ್ಟೀಲ್ ತಗಡು ಹಾಸಿ, ಕತ್ತರಿಸಿದ ಅಂಚುಗಳಿಗೆ ನೀರು ಇಳಿಯದಂತೆ ಪಟ್ಟಿ ಅಂಟಿಸಿದರೆ ಇದೇ ಅತ್ಯಂತ ಸೂಕ್ತವಾದ ಆಯ್ಕೆ.