ರಿಮೋಟ್ ನಮ್ಮ ಕೈಲಿ, ಚಾನೆಲ್ ಯಾರ ಕೈಲಿ?

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದ ಗದ್ದಲ ದಾಟಿ ಬಾಪೂಜಿ ನಗರದ ಅಡ್ಡರಸ್ತೆಗೆ ತಿರುಗಿದರೆ, ಸಂಜೆ ಏಳರ ಮೇಲೆ ಕಿಟಕಿ ಕಿಟಕಿಯಿಂದ ಧಾರಾವಾಹಿಯ ಅತ್ತೆಯರ ದನಿ ಕೇಳುತ್ತದೆ. ಈ ಮನೆಯಲ್ಲಿ ಕಲರ್ಸ್ ಕನ್ನಡ, ಪಕ್ಕದಲ್ಲಿ ಸ್ಟಾರ್ ಸುವರ್ಣ, ಮಹಡಿಯವರದು ಜೀ ಕನ್ನಡ. ಯಾವ ಸೊಸೆಯ ಕಷ್ಟ ದೊಡ್ಡದು ಎಂದು ಮರುದಿನ ನೀರು ಹಿಡಿಯುವಾಗ ವಾದವೂ ನಡೆದೀತು. ಆದರೆ ಮೊದಲ ಎರಡು ಮನೆಯವರು ನೋಡುತ್ತಿರುವುದು ಒಂದೇ ಯಜಮಾನರ ಚಾನೆಲ್. ರಿಲಯನ್ಸ್ ಮತ್ತು ಡಿಸ್ನಿಯ ಮಾಧ್ಯಮ ವ್ಯವಹಾರಗಳು 2024ರ ನವೆಂಬರ್ 14ರಂದು ಒಂದಾಗಿ ಜಿಯೋಸ್ಟಾರ್ ಹುಟ್ಟಿತು. ಅಲ್ಲಿಯವರೆಗೆ ಟಿಆರ್‌ಪಿಗಾಗಿ ಕಾದಾಡುತ್ತಿದ್ದ ಎರಡು ಕನ್ನಡ ವಾಹಿನಿಗಳು ಅಂದಿನಿಂದ ಒಂದೇ ಮನೆಯ ಮಕ್ಕಳಾದವು.

ಪೈಪೋಟಿ ಎಂಥದ್ದಿತ್ತು ಎನ್ನುವುದಕ್ಕೆ ಬಿಗ್‌ಬಾಸ್ ಒಂದೇ ಸಾಕು. 2013ರಲ್ಲಿ ಈಟಿವಿ ಕನ್ನಡದಲ್ಲಿ ಶುರುವಾದ ಕಾರ್ಯಕ್ರಮವನ್ನು ಮರುವರ್ಷ ಸುವರ್ಣ ಎಗರಿಸಿಕೊಂಡು ಹೋಯಿತು. 2015ರಲ್ಲಿ ಅದು ಹಳೆಯ ಮನೆಗೇ ವಾಪಸು ಬಂತು. ಅಷ್ಟರಲ್ಲಿ ಮನೆಯ ಹೆಸರೇ ಕಲರ್ಸ್ ಕನ್ನಡ ಎಂದಾಗಿತ್ತು.

ಈಟಿವಿ ಕನ್ನಡ ರಾಮೋಜಿರಾವ್ ಅವರ ಕೂಸು, 2000ದ ಡಿಸೆಂಬರ್‌ನಲ್ಲಿ ಹುಟ್ಟಿದ್ದು. ಟಿ.ಎನ್. ಸೀತಾರಾಮ್ ಅವರ ‘ಮುಕ್ತ’, ಎಸ್ಪಿಬಿ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಬಂದದ್ದು ಅದರಲ್ಲಿ. 2014ರ ಜನವರಿಯಲ್ಲಿ ಟಿವಿ18 ಕಂಪನಿ ಈಟಿವಿಯ ಪ್ರಾದೇಶಿಕ ವಾಹಿನಿಗಳನ್ನು ಕೊಂಡಿತು. ಅದೇ ವರ್ಷ ಆ ಬಳಗವನ್ನೇ ರಿಲಯನ್ಸ್ ಕೊಂಡಿತು. 2015ರ ಏಪ್ರಿಲ್‌ನಲ್ಲಿ ಲೋಗೊ ಬದಲಾಯಿತು. ಎಸ್ಪಿಬಿ ತೀರಿಕೊಂಡ ಮರುವರ್ಷ ‘ಎದೆ ತುಂಬಿ ಹಾಡುವೆನು’ ಅದೇ ಹೆಸರಿನಲ್ಲಿ ಕಲರ್ಸ್‌ನಲ್ಲಿ ಮತ್ತೆ ಬಂದಾಗ, ಚಾನೆಲ್ ಮಾರಿದರೆ ನೋಡುಗರ ನೆನಪೂ ಆಸ್ತಿಪಟ್ಟಿಯಲ್ಲಿ ಸೇರಿ ಹೋಗುತ್ತದೆ ಎಂಬುದು ನಮ್ಮಲ್ಲಿ ಹಲವರಿಗೆ ತಟ್ಟಲೇ ಇಲ್ಲ.

ಸುವರ್ಣದ ಕಥೆಯಲ್ಲಿ ಕಾನೂನಿನ ಪಾತ್ರ ಹೆಚ್ಚು. 2007ರಲ್ಲಿ ರಾಜೀವ್ ಚಂದ್ರಶೇಖರ್ ಅವರ ಒಡೆತನದಲ್ಲಿ ಶುರುವಾದ ಈ ವಾಹಿನಿಯಲ್ಲಿ ಮರುವರ್ಷವೇ ರೂಪರ್ಟ್ ಮರ್ಡೋಕ್ ಅವರ ಸ್ಟಾರ್ ಪಾಲು ಪಡೆಯಿತು. ಮುಂದೆ ಪೂರ್ತಿ ಕೊಂಡು, 2016ರಲ್ಲಿ ‘ಸ್ಟಾರ್ ಸುವರ್ಣ’ ಎಂದು ಹೆಸರಿಟ್ಟಿತು. 2019ರಲ್ಲಿ ಸ್ಟಾರ್ ಡಿಸ್ನಿಯ ಪಾಲಾಯಿತು. ಆದರೆ ಸುವರ್ಣ ನ್ಯೂಸ್ ಮಾತ್ರ ಸ್ಟಾರ್‌ಗೆ ಆದ ಮಾರಾಟದಿಂದಲೇ ಹೊರಗುಳಿದಿತ್ತು. ಮನರಂಜನೆಯ ಚಾನೆಲ್ಲನ್ನು ವಿದೇಶಿಯರು ನೂರಕ್ಕೆ ನೂರು ಕೊಳ್ಳಬಹುದು, ಸುದ್ದಿಯದನ್ನು ಕೊಳ್ಳುವಂತಿಲ್ಲ. ಸ್ಟಾರ್ ಪಾಲು ಪಡೆದಾಗ ಸುದ್ದಿ ವಾಹಿನಿಯಲ್ಲಿ ವಿದೇಶಿ ಬಂಡವಾಳದ ಮಿತಿ ಶೇ 26, ಈಗ ಶೇ 49. ಹೆಸರು ಒಂದೇ ಆದರೂ ಎರಡು ಸುವರ್ಣಗಳು ಬೇರೆ ಬೇರೆ ಮನೆ ಮಾಡಿಕೊಂಡದ್ದು ಹೀಗೆ. ಇಂದಿಗೂ ಎರಡೂ ಒಂದೇ ಸಂಸ್ಥೆಯವು ಎಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ವಿದೇಶಿ ದುಡ್ಡಿಗೆ ಇಷ್ಟು ಬಿಗಿಯಾಗಿ ಅಗುಳಿ ಹಾಕಿದ ಕಾನೂನು ಊರಿನ ರಾಜಕಾರಣಿಗೆ ಬಾಗಿಲನ್ನೇ ಇಟ್ಟಿಲ್ಲ. ರಾಜೀವ್ ಚಂದ್ರಶೇಖರ್ 2006ರಿಂದ 2024ರವರೆಗೆ ಕರ್ನಾಟಕವನ್ನು ಪ್ರತಿನಿಧಿಸಿದ ರಾಜ್ಯಸಭಾ ಸದಸ್ಯರಾಗಿದ್ದರು, 2021ರಲ್ಲಿ ಕೇಂದ್ರ ಸಚಿವರೂ ಆದರು. 2007ರಲ್ಲಿ ಬಂದ ಕಸ್ತೂರಿ ವಾಹಿನಿ ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬ ಶುರುಮಾಡಿದ್ದು. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ, ನನ್ನ ತಕರಾರು ಇರುವುದೂ ಅಲ್ಲಿಯೇ. ರಾಜಕೀಯ ಪಕ್ಷಗಳು, ಧಾರ್ಮಿಕ ಸಂಸ್ಥೆಗಳು, ಸರ್ಕಾರಗಳು ಚಾನೆಲ್ ನಡೆಸಬಾರದೆಂದು ನಿಯಂತ್ರಣ ಪ್ರಾಧಿಕಾರ ಟ್ರಾಯ್ 2014ರ ಆಗಸ್ಟ್‌ನಲ್ಲೇ ಶಿಫಾರಸು ಮಾಡಿತ್ತು. ಅದು ಕಾನೂನಾಗಲಿಲ್ಲ. ಕಾನೂನು ಮಾಡಬೇಕಾದವರು ಯಾರು ಎಂದು ನೆನೆದರೆ ಆಶ್ಚರ್ಯವೂ ಆಗುವುದಿಲ್ಲ.

ಚಾನೆಲ್ ಯಾರ ಕೈಲಿರಬೇಕು ಎಂಬಲ್ಲಿ ಹೀಗೆ ಸಡಿಲ, ಪರವಾನಗಿ ಕಾಗದದ ವಿಷಯಕ್ಕೆ ಬಂದರೆ ಬಿಗಿ. 2024ರ ಜೂನ್‌ನಲ್ಲಿ ಪರವಾನಗಿ ನವೀಕರಣವಾಗಿಲ್ಲ ಎಂಬ ದೂರಿನ ಮೇಲೆ ಪವರ್ ಟಿವಿಯ ಪ್ರಸಾರವನ್ನು ಕರ್ನಾಟಕ ಹೈಕೋರ್ಟ್ ತಡೆಯಿತು. ಜುಲೈ 12ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಇದರಲ್ಲಿ ರಾಜಕೀಯ ದ್ವೇಷದ ವಾಸನೆ ಇದೆ ಎಂಬರ್ಥದ ಮಾತೂ ಪೀಠದಿಂದ ಬಂತು. ಮಾಲೀಕರ ಕೊರಳಿಗೆ ಹಗ್ಗ ಹಾಕಲು ಒಂದು ನವೀಕರಣದ ಕಡತ ಸಾಕು.

ಇನ್ನು ತಂತಿಯ ಸಂಗತಿ. 2013ರಲ್ಲಿ ಬೆಂಗಳೂರಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದ ಮೇಲೆ ಬೀದಿಯ ಕೇಬಲ್‌ನವರು ಸ್ವತಂತ್ರರಾಗಿ ಉಳಿಯಲಿಲ್ಲ, ದೊಡ್ಡ ಜಾಲಗಳ ಕೊನೆಯ ಕೊಂಡಿಯಾದರು. ಅಂಥ ಎರಡು ಜಾಲಗಳು ಹ್ಯಾಥ್‌ವೇ ಮತ್ತು ಡೆನ್. ಅವುಗಳ ಬಹುಪಾಲು ಷೇರು ಕೊಳ್ಳುವುದಾಗಿ ರಿಲಯನ್ಸ್ 2018ರ ಅಕ್ಟೋಬರ್‌ನಲ್ಲಿ ಘೋಷಿಸಿ, ಕೊಂಡೂ ಬಿಟ್ಟಿತು. ಅಂದರೆ ಧಾರಾವಾಹಿ ತೋರಿಸುವವರು, ಅದನ್ನು ಮನೆಗೆ ತರುವವರು, ಫೋನಿನಲ್ಲಿ ಅದನ್ನೇ ನೋಡಲು ಡೇಟಾ ಮಾರುವವರು ಎಲ್ಲ ಒಂದೇ ಬಳಗ. ಡಿಟಿಎಚ್ ಕಂಪನಿಯಲ್ಲಿ ಚಾನೆಲ್‌ನವರ ಪಾಲು ಶೇ 20 ಮೀರಬಾರದೆಂಬ ನಿಯಮವಿದೆ. ಕೇಬಲ್‌ಗೆ ಅಂಥ ಮಿತಿ ಇಲ್ಲ.

ಜಿಯೋಸ್ಟಾರ್ ವಿಲೀನಕ್ಕೆ ಒಪ್ಪಿಗೆ ಕೊಟ್ಟ ಸ್ಪರ್ಧಾ ಆಯೋಗ ಸುಮ್ಮನೆ ಸಹಿ ಹಾಕಲಿಲ್ಲ, ನಿಜ. ಕೆಲವು ಚಾನೆಲ್‌ಗಳನ್ನು ಕೈಬಿಡಿಸಿತು, ಕ್ರಿಕೆಟ್ ಜಾಹೀರಾತಿನ ಬಗ್ಗೆ ಷರತ್ತು ಹಾಕಿತು. ಇದೇ ಆಯೋಗ ಹಿಂದೊಮ್ಮೆ ಕನ್ನಡದ ಮಟ್ಟಿಗೆ ತುಂಬ ಕಟ್ಟುನಿಟ್ಟಾಗಿತ್ತು. ಡಬ್ಬಿಂಗ್‌ಗೆ ಅಡ್ಡಗಾಲು ಹಾಕಿದ್ದಕ್ಕೆ ಕನ್ನಡ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ನಮ್ಮ ಸಂಘಗಳಿಗೆ 2015ರಲ್ಲಿ ದಂಡ ಹಾಕಿದ್ದು ಅದೇ. ದೂರು ಕೊಟ್ಟಿದ್ದು ಕನ್ನಡ ಗ್ರಾಹಕರ ಕೂಟ. ಆಗ ನೋಡುಗರ ಪರವಾಗಿ ಬಾಗಿಲು ತಟ್ಟುವವರೊಬ್ಬರಿದ್ದರು. ಎರಡು ದೊಡ್ಡ ಕನ್ನಡ ವಾಹಿನಿಗಳು ಒಂದೇ ಕೈಗೆ ಹೋಗುವಾಗ ನಮ್ಮ ಚರ್ಚೆಯೆಲ್ಲ ಐಪಿಎಲ್ ಯಾವ ಆ್ಯಪ್‌ನಲ್ಲಿ ಬರುತ್ತದೆ ಎಂಬಲ್ಲೇ ಮುಗಿಯಿತು.

ಉಳಿದವರಲ್ಲಿ ಉದಯ 1994ರಿಂದಲೂ ಚೆನ್ನೈನ ಸನ್ ಬಳಗದ್ದೇ. ಜೀ ಕನ್ನಡದ ತಾಯಿ ಸಂಸ್ಥೆ ಸೋನಿಯ ಜೊತೆ ಒಂದಾಗುವ ಒಪ್ಪಂದ 2024ರ ಜನವರಿ 22ರಂದು ಮುರಿದುಬಿತ್ತು. ಆಗ ಆ ಸಂಸ್ಥೆಯಲ್ಲಿ ಸ್ಥಾಪಕ ಕುಟುಂಬದ ಪಾಲು ಶೇ 4ರಷ್ಟೂ ಇರಲಿಲ್ಲ. ಇಷ್ಟು ತೆಳುವಾದ ಹಿಡಿತದ ಕಂಪನಿಗೆ ಗಿರಾಕಿಗಳು ಬಂದೇ ಬರುತ್ತಾರೆ. ಬಂದಾಗ ದೆಹಲಿಯಲ್ಲಿ ಕೂತ ಸ್ಪರ್ಧಾ ಆಯೋಗದವರು ಇಡೀ ದೇಶದ ಮಾರುಕಟ್ಟೆಯನ್ನು ಅಳೆಯುತ್ತಾರೋ, ಕನ್ನಡದ್ದನ್ನು ಬೇರೆಯಾಗಿಯೇ ಅಳೆಯುತ್ತಾರೋ ಎಂದು ಈಗಲೇ ಕೇಳಿಟ್ಟುಕೊಳ್ಳಬೇಕು.