ಗಣಿತದ ದಿನ ಸಮಾಜಶಾಸ್ತ್ರ

ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ ಬಂತೆಂದರೆ ಮನೆಮಂದಿಯೆಲ್ಲ ಹುಡುಕುವುದು ಗಣಿತ ಯಾವತ್ತು, ಅದರ ಹಿಂದೆ ಎಷ್ಟು ದಿನ ಬಿಡುವು ಎಂಬುದನ್ನು. ಗಣಿತದ ಜೊತೆಗೇ ‘ಸಮಾಜಶಾಸ್ತ್ರ’, ವಿಜ್ಞಾನದ ಜೊತೆಗೇ ‘ರಾಜ್ಯಶಾಸ್ತ್ರ’, ‘ಹಿಂದೂಸ್ತಾನಿ ಸಂಗೀತ’ ಎಂದೆಲ್ಲ ಅಚ್ಚಾಗಿರುವುದನ್ನು ಗಮನಿಸುವವರು ಕಡಿಮೆ. ಅಂಧ ಮಕ್ಕಳೂ ಸೇರಿದಂತೆ ಅಂಗವೈಕಲ್ಯವಿರುವವರಿಗೆ ಬಹುಮಟ್ಟಿಗೆ ಮೀಸಲಾದ ಬದಲಿ ವಿಷಯಗಳಿವು.

ರಿಯಾಯಿತಿಯ ಉದ್ದೇಶವನ್ನು ದೂರುವಂತಿಲ್ಲ. ತ್ರಿಕೋನ ಕಾಣದ ಮಗುವನ್ನು ಪ್ರಮೇಯದ ಹೆಸರಲ್ಲಿ ಏಕೆ ಗೋಳು ಹೊಯ್ದುಕೊಳ್ಳಬೇಕು ಎಂಬ ಕನಿಕರ ಅದರ ಹಿಂದಿದೆ. ಆದರೆ ಹತ್ತರಲ್ಲಿ ಗಣಿತ, ವಿಜ್ಞಾನ ಬಿಟ್ಟ ಮಗುವಿಗೆ ಪಿಯುಸಿಯಲ್ಲಿ ವಿಜ್ಞಾನ ವಿಭಾಗದ ಬಾಗಿಲು ಅಲ್ಲಿಗೇ ಮುಚ್ಚಿತು. ಸಮಾಜಶಾಸ್ತ್ರ ಕೀಳಲ್ಲ, ಇಷ್ಟಪಟ್ಟು ಓದುವವರು ಓದಲಿ. ಹದಿನಾಲ್ಕರ ಮಗುವಿನ ಪರವಾಗಿ ಬೇರೆ ಯಾರೋ ‘ನಿನಗಿದು ಬೇಡ ಬಿಡು’ ಎಂದು ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಗಣಿತ ಕಲಿಸುವ ಮೇಷ್ಟ್ರನ್ನು ತಯಾರು ಮಾಡುವುದಕ್ಕಿಂತ ಗಣಿತವನ್ನೇ ಬಿಡಿಸುವುದು ಶಾಲೆಗೆ ಸಲೀಸು, ಅಷ್ಟೆ.

ಬದಲಿ ವಿಷಯಗಳಲ್ಲೊಂದಾದ ಸಂಗೀತಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಜಾತಿ ಕೇಳದೆ ಅಂಧ ಮಕ್ಕಳಿಗೆ ಅನ್ನ, ಆಸರೆ, ವಿದ್ಯೆ ಮೂರನ್ನೂ ಕೊಟ್ಟರು. ಇಬ್ಬರೂ ಸ್ವತಃ ದೃಷ್ಟಿಹೀನರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಸರ್ಕಾರಕ್ಕೆ ಇನ್ನೂ ಹೊಳೆಯದ ಕಾಲದಲ್ಲಿ ಅವರು ಮಾಡಿದ ಕೆಲಸವದು. ಆದರೆ ಸ್ವರ ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ನೇರವಾಗಿ ಇಳಿಯುತ್ತದೆ. ನಾಲ್ಕಂಕಿಯ ಭಾಗಾಕಾರ ಹಾಗೆ ಇಳಿಯದು. ಹಿಂದಿನ ಮೆಟ್ಟಿಲನ್ನು ಮತ್ತೆ ಮತ್ತೆ ನೋಡಲು ಕೈಗೆ ಸಿಗುವ ಹಾಳೆ ಬೇಕು.

ಆ ಹಾಳೆ ಬ್ರೈಲ್‌ನದು. ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಆರು ಚುಕ್ಕಿಗಳ ಲಿಪಿಗೆ ಭಾರತದ ಭಾಷೆಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಹೊಂದಿಸಿದ್ದು 1951ರಲ್ಲಿ. ಅದೇ ಭಾರತಿ ಬ್ರೈಲ್. ಕನ್ನಡದ ‘ಕ’, ಹಿಂದಿಯ ‘ಕ’, ಇಂಗ್ಲಿಷಿನ ‘ಕೆ’ ಮೂರಕ್ಕೂ ಒಂದು ಮತ್ತು ಮೂರನೆಯ ಚುಕ್ಕಿ. ಕಾಗುಣಿತವೂ ಇಲ್ಲಿ ಹಗುರ: ‘ಕಿ’ ಎಂದರೆ ‘ಕ’, ಅದರ ಮುಂದೆ ‘ಇ’. ಒತ್ತಕ್ಷರ ಮಾತ್ರ ಸೊಗಸು. ಕಣ್ಣಿರುವ ಮಗು ಒತ್ತನ್ನು ಅಕ್ಷರದ ಕೆಳಗೆ ಹುಡುಕಿದರೆ, ಬ್ರೈಲ್ ಓದುವ ಮಗುವಿಗೆ ನಾಲ್ಕನೆಯ ಚುಕ್ಕಿಯೊಂದು ಮೊದಲೇ ಎದುರಾಗಿ, ಮುಂದಿನ ವ್ಯಂಜನ ಅರ್ಧವೆಂದು ತಿಳಿಸುತ್ತದೆ. ‘ಅಮ್ಮ’ ಬರೆಯಲು ಅ, ನಾಲ್ಕನೆಯ ಚುಕ್ಕಿ, ಮ, ಮ. ಸ್ಲೇಟು, ಸ್ಟೈಲಸ್ ಹಿಡಿದು ಬರೆಯುವಾಗ ಇಷ್ಟನ್ನೂ ಬಲದಿಂದ ಎಡಕ್ಕೆ, ತಿರುಗುಮುರುಗಾಗಿ ಚುಚ್ಚಬೇಕು. ಹಾಳೆ ಮಗುಚಿದರೆ ಎಡದಿಂದ ಬಲಕ್ಕೆ ಓದಲು ಸಿಗುತ್ತದೆ. ಇದನ್ನು ಲೀಲಾಜಾಲವಾಗಿ ಮಾಡುವ ಮಗುವಿಗೆ ಬೀಜಗಣಿತ ಕಷ್ಟವಾದೀತು ಎನ್ನುವುದು ಯಾವ ಲೆಕ್ಕ?

ಗಣಿತಕ್ಕೂ ಬ್ರೈಲ್ ಇದೆ. ಅಮೆರಿಕದ ಅಬ್ರಹಾಂ ನೆಮೆತ್ ಹುಟ್ಟಂಧರು. ಅಂಧನಿಗೆ ಗಣಿತ ಹೊಂದದು ಎಂದು ಹೇಳಿದವರ ಮಾತು ಕೇಳಿ ಮನಶ್ಶಾಸ್ತ್ರ ಓದಿದರು, ಆಮೇಲೆ ಅದನ್ನು ಬಿಟ್ಟು ಗಣಿತಕ್ಕೇ ಬಂದು ಕಾಲೇಜಿನಲ್ಲಿ ಪಾಠ ಮಾಡಿದರು. ಅವರ ನೆಮೆತ್ ಸಂಕೇತ 1952ರಲ್ಲಿ ಪ್ರಕಟವಾಯಿತು, ಭಾರತದಲ್ಲೂ ಬಳಕೆಯಲ್ಲಿದೆ. ನಮ್ಮ ಕಾಲದಲ್ಲಿ ದೆಹಲಿಯ ಅಂಧ ವಿದ್ಯಾರ್ಥಿ ಕಾರ್ತಿಕ್ ಸಾಹ್ನಿ ಹನ್ನೊಂದರಲ್ಲಿ ವಿಜ್ಞಾನ ಓದಲು ಸಿಬಿಎಸ್‌ಇ ಜೊತೆ ಹೋರಾಡಬೇಕಾಯಿತು. ಐಐಟಿ ಪ್ರವೇಶ ಪರೀಕ್ಷೆಗೆ ಅವಕಾಶ ಸಿಗಲಿಲ್ಲ. 2013ರಲ್ಲಿ ಸ್ಟ್ಯಾನ್‌ಫರ್ಡ್ ಕರೆದುಕೊಂಡಿತು.

ಸಲಕರಣೆಗಳೇನೂ ಆಕಾಶದಿಂದ ಇಳಿಯಬೇಕಿಲ್ಲ. ಅಬ್ಯಾಕಸ್ ಇದೆ. ಎಂಟು ಮೂಲೆಯ ಕುಳಿಗಳಲ್ಲಿ ಮೊಳೆ ತಿರುಗಿಸಿ ಅಂಕಿ ಕೂರಿಸುವ ಟೇಲರ್ ಫ್ರೇಮ್ ಇದೆ. ರಬ್ಬರ್ ಹಾಸಿನ ಮೇಲೆ ಪ್ಲಾಸ್ಟಿಕ್ ಹಾಳೆಯಿಟ್ಟು ಗೀಚಿದರೆ ಗೆರೆ ಉಬ್ಬಿ ಬೆರಳಿಗೆ ತಾಗುತ್ತದೆ. ವೃತ್ತ, ಸ್ಪರ್ಶಕ ಎಲ್ಲ ಸಿಗುತ್ತವೆ. ಇಲ್ಲದಿರುವುದು ಇವನ್ನು ಹಿಡಿದು ಕಲಿಸಬಲ್ಲ ಗಣಿತದ ಮೇಷ್ಟ್ರು. ವಿಶೇಷ ಶಿಕ್ಷಕರಿಗೆ ಬ್ರೈಲ್ ಗೊತ್ತು, ಗಣಿತ ಅಷ್ಟಕ್ಕಷ್ಟೆ. ಗಣಿತದವರಿಗೆ ಬ್ರೈಲ್‌ನ ಗಾಳಿಯೂ ಸೋಕಿಲ್ಲ. ಮೈಸೂರಿನಲ್ಲಿ ಅಂಧ, ಕಿವುಡ ಮಕ್ಕಳಿಗಾಗಿ ಶಾಲೆ ತೆರೆದದ್ದು 1901ರಲ್ಲಿ. ಶತಮಾನ ದಾಟಿದ ಮೇಲೂ ಈ ಎರಡು ಬಗೆಯ ಶಿಕ್ಷಕರು ಒಂದೇ ತರಗತಿಯಲ್ಲಿ ಭೇಟಿಯಾಗುವುದು ಅಪರೂಪ.

ಪುಸ್ತಕದ ಪಾಡು ಬೇರೆ. ಒಂದು ಪಠ್ಯ ಬ್ರೈಲ್‌ಗೆ ಬಂದರೆ ಹಲವು ಸಂಪುಟ. ಹಾಗಾಗಿ ಈಗಿನ ಮಕ್ಕಳು ಪರದೆಯ ಬರಹವನ್ನು ಓದಿಹೇಳುವ ಸ್ಕ್ರೀನ್ ರೀಡರ್ ಕಡೆ ವಾಲಿದ್ದಾರೆ, ಸರಿಯೇ. ಆದರೆ ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಟೈಪಾದ ಕಡತದಲ್ಲಿ ಕನ್ನಡವಿರುವುದು ಮೇಲ್ನೋಟಕ್ಕೆ ಮಾತ್ರ. ಒಳಗಿರುವುದು ಇಂಗ್ಲಿಷಿನ ಚೂರುಪಾರು. ಯಂತ್ರ ಅದನ್ನೇ ಗಟ್ಟಿಯಾಗಿ ಒದರುತ್ತದೆ. ರಾಜ್ಯ ಸರ್ಕಾರ ಯೂನಿಕೋಡ್ ಒಪ್ಪಿದ್ದು 2012ರಲ್ಲೇ ಆದರೂ, ಅಚ್ಚಿನ ಮನೆಗಳಲ್ಲಿ ಹಳೆಯ ಫಾಂಟುಗಳಿಗೆ ಸಾವಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲ್ಲ ಮಕ್ಕಳೂ ಜೊತೆಗೂಡಿ ಕಲಿಯುವ ವ್ಯವಸ್ಥೆ ಕಡ್ಡಾಯವೆನ್ನುತ್ತದೆ. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಬರೆದುಕೊಡಲು ಸ್ಕ್ರೈಬ್ ಉಂಟು. ಸ್ಕ್ರೈಬ್ ಕೆಳಗಿನ ತರಗತಿಯವರಾಗಿರಬೇಕೆಂಬುದು ರೂಢಿ. ಅಂದರೆ ಹತ್ತರ ಗಣಿತವನ್ನು ಒಂಬತ್ತರ ಹುಡುಗನಿಗೆ ಬಾಯಲ್ಲಿ ಹೇಳಿ ಬರೆಸಬೇಕು. ವರ್ಗಮೂಲ ಎಂದರೆ ಸಾಲದು, ಆ ಗೆರೆ ಎಲ್ಲಿಯವರೆಗೆ ಎಂದೂ ಹೇಳಬೇಕು. ನೆಮೆತ್ ಸಂಕೇತದಲ್ಲಿ ಮೂಲ ತೆರೆಯಲು ಒಂದು ಗುರುತು, ಮುಗಿಸಲು ಇನ್ನೊಂದು ಇದೆ. ಅದರಲ್ಲಿ ಕಲಿತ ಹುಡುಗಿ ಅಂಥ ಲೆಕ್ಕ ಬರೆಸುವಾಗ ‘ಬಿ ವರ್ಗ ಮೈನಸ್ ನಾಲ್ಕು ಎಸಿ, ಮೂಲ ಇಲ್ಲಿಗೆ ಮುಗಿಯಿತು, ಈಗ ಕೆಳಗೆ ಎರಡು ಎ’ ಎಂದು ತಡವರಿಸದೆ ಹೇಳುತ್ತಾಳೆ.