ಬಹಮನೀ ಬೀದರಿನ ಕುದುರೆ ವ್ಯಾಪಾರ: ಪೂರೈಕೆಯ ಏರ್ಪಾಡೂ ಲಾಭನಷ್ಟವೂ

ಬೀದರಿನ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಬಹಮನೀ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. 1436ರಲ್ಲಿ ತೀರಿಕೊಂಡ ಅಹಮದ್ ಷಾ ವಲಿಯ ಗೋರಿಯ ಒಳಮೈ ಬಣ್ಣದ ಚಿತ್ತಾರಗಳಿಂದಲೂ ಲಿಪಿಗಳಿಂದಲೂ ತುಂಬಿದೆ; ವಂಶದ ಕೊನೆಯವರಾದ ವಲಿಯುಲ್ಲಾ, ಕಲೀಮುಲ್ಲಾ ಇವರ ಗೋರಿಗಳಾದರೋ ತೀರ ಚಿಕ್ಕವು. ಈ ಇಳಿತದ ರಾಜಕೀಯ ಕಾರಣಗಳು ಸುಪರಿಚಿತವಾದುವು. ಅವುಗಳೊಡನೆ ಹೆಣೆದುಕೊಂಡಿದ್ದ ಇನ್ನೊಂದು ಸಂಗತಿಯನ್ನು, ಎಂದರೆ ಕಡಲಿನಿಂದ ರಾಜಧಾನಿಗೆ ಸರಕು ಬರುತ್ತಿದ್ದ ಏರ್ಪಾಡನ್ನು, ಕುದುರೆಯ ವ್ಯಾಪಾರದ ಮೂಲಕ ಪರಿಶೀಲಿಸುವುದು ನಮ್ಮ ಉದ್ದೇಶ.

ಇಂದಿನ ವಾಣಿಜ್ಯಶಾಸ್ತ್ರದ ‘ಪೂರೈಕೆ ಸರಪಳಿ’ ಎಂಬ ಹೆಸರು ಹೊಸದು, ವಿಷಯ ಹಳೆಯದು. ಸರಕು ದಾರಿಯಲ್ಲಿ ಎಲ್ಲೆಲ್ಲಿ ತಂಗುತ್ತದೆ, ತಂಗುವಾಗಿನ ವೆಚ್ಚ ಯಾರದು, ಹಾನಿಯಾದರೆ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಅದರ ರಚನೆ. ವ್ಯಾಪಾರದ ಲಾಭವು ಮಾರುಕಟ್ಟೆಯ ಬೆಲೆಯಷ್ಟೇ ಈ ಉತ್ತರಗಳನ್ನೂ ಅವಲಂಬಿಸಿದೆ.

ದಖ್ಖಣದ ಸೈನ್ಯಗಳಿಗೆ ಬೇಕಾದ ಉತ್ತಮ ಕುದುರೆಗಳು ಅರಬಸ್ಥಾನ, ಪರ್ಷಿಯಾ ದೇಶಗಳಿಂದ ಹಡಗುಗಳಲ್ಲಿ ಬರುತ್ತಿದ್ದುವು. ಚೌಲ, ದಾಭೋಳ, ಗೋವೆ ಮೊದಲಾದ ರೇವುಗಳಲ್ಲಿಳಿದು, ಘಟ್ಟವನ್ನೇರಿ ಒಳನಾಡನ್ನು ಸೇರುತ್ತಿದ್ದುವು. ಮೆಣಸಿನ ಮೂಟೆಯನ್ನು ಉಗ್ರಾಣದಲ್ಲಿಟ್ಟು ಬೆಲೆ ಏರುವವರೆಗೆ ಕಾಯಬಹುದು. ಕುದುರೆಯು ಕಾದಷ್ಟು ದಿನವೂ ತಿನ್ನುತ್ತದೆ.

ಈ ಸತ್ಯವನ್ನು ಅನುಭವಿಸಿ ಬರೆದವನು ರಷ್ಯದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್. 1470ರ ಸುಮಾರಿನಲ್ಲಿ ಒಂದೇ ಒಂದು ಗಂಡುಕುದುರೆಯೊಡನೆ ಚೌಲಕ್ಕಿಳಿದ ಈತನನ್ನು ಜುನ್ನರಿನಲ್ಲಿ ಮಳೆಗಾಲ ತಡೆಯಿತು. ಅಲ್ಲಿಯ ಖಾನನು ಕುದುರೆಯನ್ನೇ ಕಿತ್ತುಕೊಂಡನು. ಒಬ್ಬ ಖುರಾಸಾನಿಯ ನೆರವಿನಿಂದ ಅದು ಮರಳಿ ದೊರೆಯಿತು. ಕೊನೆಗೆ ಬೀದರಿನಲ್ಲಿ ಅದನ್ನು ಮಾರುವ ವೇಳೆಗೆ ಒಂದು ವರ್ಷದ ಮೇವಿನ ವೆಚ್ಚ ತಗುಲಿದ್ದಿತು. ಹಿಂದಿರುಗುವಾಗ ಕೊಂಡೊಯ್ಯಲು ತನ್ನ ನಾಡಿಗೆ ಒಪ್ಪುವ ಸರಕಿಲ್ಲವೆಂದೂ, ಸುಂಕ ಹೆಚ್ಚೆಂದೂ, ಕಡಲ್ಗಳ್ಳರು ಬಹಳವೆಂದೂ ಅವನು ಹಲುಬಿದ್ದಾನೆ. ಇಲ್ಲಿ ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ: ಎಲ್ಲ ಭಾರವೂ ವರ್ತಕನೊಬ್ಬನದೇ.

ಇದಕ್ಕೆ ಪ್ರತಿಯಾದ ಏರ್ಪಾಡನ್ನೂ ನಿಕಿತಿನನೇ ವರ್ಣಿಸಿದ್ದಾನೆ. ಆಳಂದದ ವಾರ್ಷಿಕ ಜಾತ್ರೆಗೆ 20,000ದಷ್ಟು ಕುದುರೆಗಳು ಬರುತ್ತಿದ್ದುವೆಂದು ಅವನ ಹೇಳಿಕೆ. ಸಂಖ್ಯೆ ಉತ್ಪ್ರೇಕ್ಷೆಯಾಗಿರಬಹುದು, ಆದರೆ ಕಾಲ, ಸ್ಥಳಗಳು ಮೊದಲೇ ಗೊತ್ತಾಗಿದ್ದರೆ ಕಾಯುವ ದಿನಗಳು ಕಡಮೆಯಾಗುವುದು ಸಹಜವೇ.

ಹೊಣೆಯ ಪ್ರಶ್ನೆಗೆ ವಿಜಯನಗರವು ಇನ್ನೊಂದು ಉತ್ತರವನ್ನು ಕಂಡುಕೊಂಡಿತು. ತಾನೂ ವರ್ತಕನಾಗಿದ್ದು ಬೀದರಿಗೆ ಬಂದು ಮಂತ್ರಿಪದವಿಗೇರಿದ ಮಹಮೂದ್ ಗವಾನನು 1472ರಲ್ಲಿ ಗೋವೆಯನ್ನು ಗೆದ್ದನು. ಇದರಿಂದ ರೇವೂ ರಾಜಧಾನಿಯೂ ಒಂದೇ ಆಡಳಿತಕ್ಕೆ ಸೇರಿದುವು. ವಿಜಯನಗರವು ಭಟ್ಕಳದಂತಹ ರೇವುಗಳನ್ನೇ ನೆಚ್ಚಬೇಕಾಯಿತು. 1485ರಲ್ಲಿ ಪಟ್ಟಕ್ಕೆ ಬಂದ ಸಾಳುವ ನರಸಿಂಹನು ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದೊಪ್ಪಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ತಿಳಿಸುತ್ತಾನೆ. ಮೇಲ್ನೋಟಕ್ಕೆ ದುಂದಾಗಿ ಕಾಣುವ ಇದು, ನಮ್ಮ ಅಭಿಪ್ರಾಯದಲ್ಲಿ, ವರ್ತಕರ ಭಯವನ್ನು ಅರಸನೇ ಕೊಂಡುಕೊಂಡು ಹಡಗುಗಳನ್ನು ತನ್ನ ರೇವಿನತ್ತ ತಿರುಗಿಸಿಕೊಳ್ಳುವ ಜಾಣ್ಮೆ.

ಬೀದರಿನ ಏರ್ಪಾಡಾದರೋ ಬಹುಕಾಲ ಉಳಿಯಲಿಲ್ಲ. 1481ರಲ್ಲಿ ಗವಾನನಿಗೆ ಮರಣದಂಡನೆಯಾಯಿತು. 1490ರ ವೇಳೆಗೆ ಪ್ರಾಂತಾಧಿಕಾರಿಗಳು ಸ್ವತಂತ್ರರಾಗತೊಡಗಿ, ಗೋವೆ, ದಾಭೋಳಗಳು ಬಿಜಾಪುರಕ್ಕೂ ಚೌಲವು ಅಹಮದನಗರಕ್ಕೂ ಸೇರಿದುವು. 1510ರಲ್ಲಿ ಗೋವೆ ಪೋರ್ಚುಗೀಸರ ಪಾಲಾಯಿತು. ಬೀದರಿಗೆ ತನ್ನದೆಂಬ ರೇವು ಉಳಿಯಲಿಲ್ಲ. ಕಡಲಿನ ಸರಕೆಲ್ಲವೂ ಅನ್ಯರ ಸುಂಕದ ಕಟ್ಟೆಗಳನ್ನು ದಾಟಿ ಬರಬೇಕಾಯಿತು. ಸರಪಳಿಯ ಕೊಂಡಿಗಳು ಕಳಚಿದುದು ರಾಜ್ಯದ ಒಡಕಿನ ಫಲ. ಆ ಒಡಕು ಮತ್ತೆ ಕೂಡದಂತಾಗಲು ಅದೇ ಒಂದು ಕಾರಣವೂ ಆಗಿರಬೇಕು.

ಈ ವಿಚಾರವು ಕೇವಲ ಗತಕಾಲದ್ದಲ್ಲ. ಇಂದಿನ ಬಿದರಿ ಕುಶಲಕರ್ಮಿಗೆ ಕೋಟೆಯ ಮಣ್ಣು ಊರಲ್ಲೇ ದೊರೆತರೂ ಸತುವು, ಬೆಳ್ಳಿಗಳು ಹೊರಗಿನಿಂದಲೇ ಬರಬೇಕು. ಬೆಳ್ಳಿಯ ಬೆಲೆ ಏರಿದಾಗ ನಷ್ಟ ಹೊರುವವರು ಯಾರು? ಮಾರಾಟವಾಗದ ಹೂಜಿಯಲ್ಲಿ ಸಿಕ್ಕಿಕೊಂಡ ಬಂಡವಾಳ ಯಾರದು? ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ, ಒಂದು ಕಸಬು ಏಳುವುದಕ್ಕೂ ಬೀಳುವುದಕ್ಕೂ ಇರುವ ಕಾರಣಗಳು ಅಂಗಡಿಯ ಹೊಸ್ತಿಲಿಗಿಂತ ಬಹುದೂರದಲ್ಲಿ ಕಾಣಸಿಗುತ್ತವೆ.